ಪರದೆಯಾಚೆ ನಲವತ್ತೊಂದು ಕೈ

ಜನವರಿ ೮, ೧೯೬೩. ಸುಳ್ಯ

ಬಸ್ಸಿನಿಂದ ನನ್ನ ಜೊತೆ ಇಳಿದದ್ದು ಒಂದು ಟ್ರಂಕು, ಸುರುಳಿ ಸುತ್ತಿದ ಎರಡು ಪರೀಕ್ಷಾ ಪಟ, ಅಚ್ಚು ಹಾಕಿಸಿದ ಇನ್ನೂರು ಫಾರಂ ಮತ್ತು ವಿಶ್ವವಿದ್ಯಾನಿಲಯದ ಘನತೆ. ಟ್ರಂಕು ಹೊರಲು ಜನ ಸಿಕ್ಕಿತು. ಘನತೆಯನ್ನು ನಾನೇ ಹೊತ್ತೆ.

ಮುಂದೆ ಈ ಡೈರಿಯನ್ನು ಯಾರಾದರೂ ಗಾಜಿನ ಪೆಟ್ಟಿಗೆಯಲ್ಲಿಡುವ ಸಂದರ್ಭ ಬಂದರೆ ಅನುಕೂಲವಾಗಲಿ ಎಂದು ಬರೆದಿಡುತ್ತೇನೆ: ಬರೆಯುವವನು ಕೃಷ್ಣಮೋಹನ, ಪುತ್ತೂರಿನ ವಕೀಲರ ಮಗ, ದೃಷ್ಟಿವಿಜ್ಞಾನದ ಎಂ.ಎಸ್ಸಿ. ಎರಡನೆಯ ವರ್ಷ. ವಿಭಾಗ ತೆರೆದು ಎರಡೇ ವರ್ಷ, ವಿದ್ಯಾರ್ಥಿಗಳು ಮೂರೇ ಜನ. ಮೆಡಿಕಲ್ ಕಾಲೇಜಿನವರು ನಮ್ಮನ್ನು ಕನ್ನಡಕದ ಅಂಗಡಿಯವರು ಎನ್ನುತ್ತಾರೆ. ಅವರ ಬಾಯಿ ಮುಚ್ಚಿಸುವ ಹೊಣೆ ನನ್ನ ಪ್ರಬಂಧದ ಮೇಲಿದೆ ಎಂದು ಪ್ರೊಫೆಸರ್ ಯಜ್ಞೇಶ್ವರರು ಬೀಳ್ಕೊಡುವಾಗ ಹೇಳಿದರು. ಅವರು ಇಂಗ್ಲೆಂಡಿನಿಂದ ಒಂದು ಡಿಗ್ರಿ, ಒಂದು ಪೈಪು ತಂದವರು. ಡಿಗ್ರಿ ಗೋಡೆಯಲ್ಲಿದೆ, ಪೈಪು ಬಾಯಲ್ಲಿದೆ. ಎರಡರಲ್ಲೂ ಹೊಗೆ ಬಂದದ್ದನ್ನು ನಾನು ಕಂಡಿಲ್ಲ.

ವಿಷಯ: ಎರಡು ಸಮುದಾಯಗಳ ಹೆಂಗಸರ ದೃಷ್ಟಿಬಲದ ತುಲನೆ. ಕಡಬದಲ್ಲಿ ತೋಟದವರ ಮನೆಯ ಐವತ್ತು ಹೆಂಗಸರ ಪರೀಕ್ಷೆ ಡಿಸೆಂಬರಿನಲ್ಲೇ ಮುಗಿಯಿತು. ನಾಲ್ಕನೇ ಕ್ಲಾಸು ಓದಿದವರು, ಒಳ್ಳೆಯ ಕಣ್ಣು, ಒಳ್ಳೆಯ ಕಾಫಿ. ಇನ್ನು ಇಲ್ಲಿಯ ಬ್ಯಾರ್ದಿಯರು, ಅಂದರೆ ಬ್ಯಾರಿ ಮುಸ್ಲಿಮರ ಹೆಂಗಸರು.

ಉಳಿದುಕೊಳ್ಳಲು ಆರೋಗ್ಯ ಕೇಂದ್ರದ ಉಗ್ರಾಣದಲ್ಲಿ ಜಾಗ. ಅಲ್ಲಿಯ ನರ್ಸ್ ಪರಮೇಶ್ವರಿ ಬಾಡಿಗೆ ಬೇಡ ಎಂದಳು, ಬದಲಿಗೆ ಕೆಲಸ ಕೇಳಿದಳು.

"ಮಾರ್ಚಿನಲ್ಲಿ ಸೂಲಗಿತ್ತಿಯರಿಗೆ ತರಬೇತಿ ಉಂಟು. ತರಬೇತಿ ಆದವರಿಗೆ ಕತ್ತರಿ, ನೂಲು, ಸಾಬೂನಿನ ಪೆಟ್ಟಿಗೆ. ಪೆಟ್ಟಿಗೆ ಇಲ್ಲದವರು ಇನ್ನು ಹೆರಿಗೆ ಮುಟ್ಟಬಾರದು ಅಂತ ಮೇಲಿನವರ ಆರ್ಡರು. ಕಣ್ಣು ಸರಿ ಇದೆ ಅಂತ ಸರ್ಟಿಫಿಕೇಟೂ ಬೇಕು. ನೀವು ಹೇಗೂ ಕಣ್ಣು ನೋಡುದಲ್ವಾ? ಸಹಿ ಹಾಕಿ ಕೊಡಿ."

ನನ್ನ ಸಹಿಗೆ ಬೆಲೆ ಬರುತ್ತಿರುವುದು ಇದೇ ಮೊದಲು. ಒಪ್ಪಿದೆ.

ಜನವರಿ ೧೪

ಅಜ್ಜಾವರದಿಂದ ಎರಡು ಮೈಲು ಆಚೆ, ಪೋಕರ್ ಎಂಬ ಲಾರಿ ಡ್ರೈವರನ ಮನೆ. ಸುತ್ತಲಿನ ಬ್ಯಾರಿ ಮನೆಗಳ ಹೆಂಗಸರೆಲ್ಲ ಅಲ್ಲಿ ಸೇರಿದ್ದರು. ಸೇರಿದ್ದರು ಎಂದು ಹೇಳಿದ್ದು ಪೋಕರ್, ನಾನು ಕಂಡದ್ದು ಬಾಗಿಲಿಗೆ ಕಟ್ಟಿದ ಒಂದು ಪರದೆ. ಪರದೆಯಲ್ಲಿ ಕಣ್ಣಿನ ಮಟ್ಟಕ್ಕೆ ಕಿಂಡಿ, ಬದಿಯಿಂದ ಒಂದು ಕೈ ಹೊರಗೆ. ಅಂಗಳದಾಚೆ ಇಪ್ಪತ್ತಡಿ ದೂರದ ಹಲಸಿನ ಮರಕ್ಕೆ ಪಟ. ಪರದೆಯ ಪಕ್ಕ ಸ್ಟೂಲಿನ ಮೇಲೆ ನಾನು.

ಮೊದಲು ಫಾರಂ.

"ಕನ್ನಡ ಓದ್ಲಿಕ್ಕೆ ಬರ್ತದಾ?"

"ಇಲ್ಲ."

"ಇಂಗ್ಲಿಷ್?"

ಒಳಗೆ ನಲವತ್ತು ಜನ ನಕ್ಕರು. ಎಲ್ಲರ ಫಾರಮಿನಲ್ಲೂ 'ನಿರಕ್ಷರಿ' ಎಂದು ಗುರುತು ಹಾಕಿದೆ. ನಿರಕ್ಷರಿಗಳಿಗೆ ಬೇರೆ ಪಟ. ಅದರಲ್ಲಿ ಅಕ್ಷರವಿಲ್ಲ, ಮೂರು ಹಲ್ಲಿನ ಬಾಚಣಿಗೆಯಂಥ ಗುರುತು. ಹಲ್ಲು ಮೇಲಕ್ಕೋ ಕೆಳಕ್ಕೋ ಎಡಕ್ಕೋ ಬಲಕ್ಕೋ ಎಂದು ಕೈಯಲ್ಲಿ ತೋರಿಸಬೇಕು. ಮೊದಲ ಸಾಲಿಗೆ ಒಂದೇ ದೊಡ್ಡ ಗುರುತು, ಕೆಳಗಿಳಿದಂತೆ ಗುರುತು ಸಣ್ಣದಾಗುತ್ತದೆ, ಸಾಲು ಉದ್ದವಾಗುತ್ತದೆ. ಒಂದು ಸಾಲು ತಪ್ಪಿದರೆ ಕೆಳಗಿನ ಸಾಲುಗಳು ಗಣನೆಗಿಲ್ಲ. ಕೋಲಿನಿಂದ ಗುರುತು ಮುಟ್ಟಿ ತೋರಿಸುವುದನ್ನು ಪ್ರೊಫೆಸರರು ನಿಷೇಧಿಸಿದ್ದಾರೆ. ಅದು ಸುಳಿವು ಕೊಟ್ಟಂತಂತೆ. ಸಾಲನ್ನು ಅವರವರೇ ಓದಿಕೊಂಡು ಹೋಗಬೇಕು.

ಇಪ್ಪತ್ತಮೂರನೆಯ ಕೈ ನೆಬೀಸ, ಸೂಲಗಿತ್ತಿ, ವಯಸ್ಸು ನಲವತ್ತೈದು, ವಿಧವೆ.

"ಇದು ಎಂತ ಡಾಕ್ಟ್ರೇ, ಬಾಚಣಿಗೆಯಾ?"

"ಹಲ್ಲು ಯಾವ ಕಡೆ ಅಂತ ತೋರಿಸು, ಸಾಕು."

"ಬಾಚಣಿಗೆ ತಲೆಗಲ್ವಾ? ಕಣ್ಣಿಗೆ ಯಾಕೆ?"

ಮತ್ತೆ ಒಳಗೆ ನಗು. ನಾನು ಡಾಕ್ಟರಲ್ಲ ಎಂದು ಹೇಳಲು ಪುರುಸೊತ್ತಾಗಲಿಲ್ಲ. ಅವಳು ಎರಡನೆಯ ಸಾಲು ತಪ್ಪಿದಳು, ಮೂರನೆಯದೂ ತಪ್ಪು. ಆದರೆ ಕೈ ಒಂದಿಷ್ಟೂ ತಡವರಿಸಲಿಲ್ಲ. ಅಜ್ಞಾನಕ್ಕೆ ಎಷ್ಟು ಧೈರ್ಯ.

ಜನವರಿ ೧೫

ನಲವತ್ತೊಂದು ಜನ. ನಲವತ್ತೊಂದಕ್ಕೂ ಆರು ಬೈ ಅರವತ್ತು. ಅಂದರೆ ನೆಟ್ಟಗಿನ ಕಣ್ಣಿಗೆ ಅರವತ್ತು ಮೀಟರಿನಿಂದ ಕಾಣುವುದು ಇವರಿಗೆ ಆರು ಮೀಟರಿಗೆ ಬಂದರೆ ಮಾತ್ರ ಕಾಣುತ್ತದೆ. ಒಂದು ಊರಿನ ಹೆಂಗಸರೆಲ್ಲ ಅರೆಗುರುಡರು. ಆದರೂ ಪರೀಕ್ಷೆ ಮುಗಿದು ಹೊರಟಾಗ ಮನೆಯ ಮೆಟ್ಟಿಲಿಗೆ ಒಬ್ಬಳೂ ಎಡವಲಿಲ್ಲವಲ್ಲ ಎಂಬ ಸಣ್ಣ ಯೋಚನೆ ಬಂತು. ಅಭ್ಯಾಸಬಲ ಎಂದು ಟಿಪ್ಪಣಿ ಬರೆದೆ.

ಇನ್ನೊಂದು ವಿಚಿತ್ರ. ಎರಡು, ಮೂರನೆಯ ಸಾಲು ತಪ್ಪಿದವರು ಅದಕ್ಕಿಂತ ಸಣ್ಣದಾದ ನಾಲ್ಕನೆಯ ಸಾಲನ್ನು ಸರಿ ತೋರಿಸಿದ್ದಾರೆ. ಎಲ್ಲರೂ. ಐದರಿಂದ ಮತ್ತೆ ತಪ್ಪು. ಪ್ರೊಫೆಸರರಿಗೆ ಬರೆದೆ.

ಜನವರಿ ೨೨

ಉತ್ತರ ಬಂತು, ನಾಲ್ಕು ಪುಟ. ಪ್ರೊಫೆಸರರಿಗೆ ನಿದ್ದೆ ಬಂದಿಲ್ಲವಂತೆ. ಕತ್ತಲೆಮನೆಯಲ್ಲಿ ಪರದೆಯ ಹಿಂದೆ ತಲೆಮಾರುಗಟ್ಟಲೆ ಕೂತದ್ದರಿಂದ ಬಂದ ಹೊಸ ದೋಷವಂತೆ ಇದು. ಹೆಸರೂ ಇಟ್ಟಾಗಿದೆ: ಪರದಾ ದೃಷ್ಟಿ. ನಾಲ್ಕನೆಯ ಸಾಲಿನ ವಿಚಿತ್ರಕ್ಕೆ 'ಯಜ್ಞೇಶ್ವರ ವೈರುಧ್ಯ' ಎಂಬ ಹೆಸರು ಹೇಗೆ ಎಂದು ನನ್ನ ಅಭಿಪ್ರಾಯ ಕೇಳಿದ್ದಾರೆ. ಚೆನ್ನಾಗಿದೆ ಎಂದು ಬರೆದೆ. ವಿಭಾಗದಲ್ಲಿ ಒಂದು ಲೆಕ್ಚರರ್ ಹುದ್ದೆ ಬರಲಿದೆ ಎಂದು ಕೊನೆಯ ಸಾಲಿನಲ್ಲಿತ್ತು. ತುಂಬ ಚೆನ್ನಾಗಿದೆ ಎಂದು ತಿದ್ದಿದೆ.

ಜನವರಿ ೨೩

ಸೂಲಗಿತ್ತಿಯರ ಪಟ್ಟಿಗೆ ಸಹಿ ಹಾಕಿ ಕೊಟ್ಟೆ. ನಾಲ್ವರಲ್ಲಿ ಬೇರೆ ಊರಿನ ಮೂವರು ಸರಿ, ಒಬ್ಬಳು ಅನರ್ಹ. ಪರಮೇಶ್ವರಿ ಕಾಗದವನ್ನು ಎರಡು ಸಲ ಓದಿದಳು.

"ನೆಬೀಸನಿಗೆ ಕಣ್ಣು ಕಾಣುದಿಲ್ವಾ?"

"ವಿಜ್ಞಾನ ಹಾಗೆ ಹೇಳ್ತದೆ."

"ಇಪ್ಪತ್ತೆರಡು ವರ್ಷದಿಂದ ಹೆರಿಗೆ ಮಾಡಿಸ್ತಾ ಇದ್ದಾರೆ ಮಾರಾಯ್ರೆ. ಕಾಣದೆ ಮಾಡಿಸಿದ್ದಾ?"

"ಕೈ ಅಭ್ಯಾಸ ಇರಬಹುದು."

"ಹಾಗಾದರೆ ನಿಮ್ಮ ವಿಜ್ಞಾನಕ್ಕೆ ಎಂತ ಅಭ್ಯಾಸ?" ಎಂದಳು. ನರ್ಸುಗಳಿಗೆ ಎರಡಕ್ಷರ ಕಲಿಸಿದರೆ ಹೀಗೆ. ಆದರೂ ಹೆಸರಿನ ಮೇಲೆ ಗೀಟು ಎಳೆದಳು, ಆರ್ಡರು ಆರ್ಡರೇ.

ಜನವರಿ ೩೧

ಇವರ ರಂಜಾನಿನ ನೋಂಬು ಶುರುವಾಗಿದೆ. ಮಟಮಟ ಮಧ್ಯಾಹ್ನ ನೆಬೀಸ ನಡೆದುಕೊಂಡೇ ಕೇಂದ್ರಕ್ಕೆ ಬಂದಳು. ನೀರೂ ಕುಡಿಯದ ಬಾಯಿ, ಆದರೂ ಮಾತಿಗೆ ಬರವಿಲ್ಲ.

"ಡಾಕ್ಟ್ರೇ, ನನ್ನ ಹೆಸರು ತೆಗೆದದ್ದು ನೀವಾ?"

"ತೆಗೆದದ್ದು ನಿಯಮ."

"ನಿಯಮ ಅಂತ ಯಾರೂ ನಮ್ಮ ಊರಿಗೆ ಬರ್ಲಿಲ್ಲ. ಬಂದದ್ದು ನೀವು."

ಕಣ್ಣು ಬಲಹೀನ, ತಪ್ಪು ನಿನ್ನದಲ್ಲ, ಪರದೆಯದ್ದು ಎಂದು ಸಮಾಧಾನವಾಗಿ ವಿವರಿಸಿದೆ.

"ಪರದೆ ಕಟ್ಟಿದ್ದು ನೀವು ಬರ್ತೀರಿ ಅಂತ. ಉಳಿದ ದಿವಸ ನಾನು ಗುಡ್ಡೆಯಲ್ಲಿ ಸೊಪ್ಪು ಕಡಿಯುವವಳು. ಪೋಕರನ ಹೆಂಡತಿಗೆ ಬರುವ ಹುಣ್ಣಿಮೆ ಕಳೆದ ಮೇಲೆ ಹೆರಿಗೆಯ ದಿನ. ಅವಳನ್ನು ಯಾರು ನೋಡುದು? ನಿಮ್ಮ ಬಾಚಣಿಗೆಯಾ?"

ಫೆಬ್ರವರಿ ೫

ಅವಮಾನ. ಪೋಕರನ ಲಾರಿ ಕೊಯಿಲದ ಜಾನುವಾರು ಫಾರ್ಮಿಗೆ ಬೈಹುಲ್ಲು ಇಳಿಸಿ ಬರುತ್ತಿತ್ತು. ಕಡಬದಲ್ಲಿ ಹತ್ತಿಕೊಂಡೆ, ಮುಂದೆ ಜಾಗವಿಲ್ಲದೆ ಹಿಂದೆ ನಿಂತೆ. ಗಾಳಿಗೆ ಹುಲ್ಲಿನ ಸುಂಕು, ಅದರ ಒಂದು ಸಣ್ಣ ಎಳೆ, ಬಲಗಣ್ಣಿಗೆ ಹೊಕ್ಕಿತು. ಮೇಲಿನ ರೆಪ್ಪೆಯೊಳಗೆ ಕೂತ ಕಸ ತೆಗೆಯುವ ಕ್ರಮ ನನಗೆ ಬಾಯಿಪಾಠ: ನೂರಹನ್ನೆರಡನೆಯ ಪುಟ, ಎರಡು ಚಿತ್ರ ಸಹಿತ. ಆದರೆ ಆ ಪುಟದಲ್ಲಿ ಕಣ್ಣು ಬೇರೆಯವರದ್ದು.

ಪೋಕರ್ ನನ್ನನ್ನು ಸೀದಾ ನೆಬೀಸನ ಅಂಗಳದಲ್ಲಿ ಇಳಿಸಿದ. "ಇಲ್ಲಿ ಊರಿನವರ ಕಣ್ಣಿನ ಕಸ ತೆಗೆಯುದು ಇವಳೇ ಮಾರಾಯ್ರೆ. ನೀವು ಅರೆಗುರುಡಿ ಅಂತ ಬರೆದದ್ದು ಗೊತ್ತುಂಟು. ಹೆದರಿಕೆ ಆದ್ರೆ ಸುಳ್ಯಕ್ಕೆ ಹೋಗುವ, ಒಂದು ಗಂಟೆ."

ಒಂದು ಗಂಟೆ ತಡೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ನನ್ನ ಮಗನ ಪ್ರಾಯ ನಿಮಗೆ. ನಾಚಿಕೆ ಬೇಡ, ಕೆಳಗೆ ನೋಡಿ" ಎಂದರು ನೆಬೀಸ. ಹಿಡಿಸೂಡಿ ಪೊರಕೆಯ ಕಡ್ಡಿಯೊಂದನ್ನು ರೆಪ್ಪೆಯ ಮೇಲಿಟ್ಟು ಮಗುಚಿದರು. ಬಟ್ಟೆಯ ತುದಿ ಒಮ್ಮೆ ತಾಗಿತು, ಅಷ್ಟೆ. ಬೆರಳ ತುದಿಯಲ್ಲಿ ಹಿಡಿದು ತೋರಿಸಿದರು. ನನಗೆ ಮೊದಲು ಏನೂ ಕಾಣಲಿಲ್ಲ. ಬೆಳಕಿಗೆ ಹಿಡಿದ ಮೇಲೆ ಕೂದಲಿಗಿಂತ ತೆಳು ಎಳೆಯೊಂದು ಕಂಡಿತು.

"ಆರು ಎಷ್ಟು ಅಂದ್ರಿ ಡಾಕ್ಟ್ರೇ ನನ್ನ ಕಣ್ಣು?"

ಇದು ಹತ್ತಿರದ ದೃಷ್ಟಿ, ನಾನು ಅಳೆದದ್ದು ದೂರದ್ದು. ಎರಡಕ್ಕೂ ವ್ಯತ್ಯಾಸ ಇದೆ ಎಂದು ಬರೆದುಕೊಂಡೆ.

ಫೆಬ್ರವರಿ ೬

ವ್ಯತ್ಯಾಸ ಇದೆ. ಅಷ್ಟೊಂದು ಇಲ್ಲ.

ಫೆಬ್ರವರಿ ೧೧

ಕಣ್ಣಿನ ಉಪಕಾರಕ್ಕೆ ಎಂದು ಪೇಟೆಯಿಂದ ಖರ್ಜೂರದ ಪೊಟ್ಟಣ ಕಟ್ಟಿಸಿಕೊಂಡು ಹೋದೆ. ನೋಂಬು ಬಿಡುವ ಹೊತ್ತು ಹತ್ತಿರವಿತ್ತು. ನೆಬೀಸರ ಅಂಗಳದಲ್ಲಿ ಪೋಕರ್, ಅವನ ತಾಯಿ ಹವ್ವಮ್ಮ, ಇನ್ನೂ ನಾಲ್ಕಾರು ಜನ. ಬೊಂಬಾಯಿಯ ಹೋಟೆಲಿನಲ್ಲಿರುವ ಪೋಕರನ ತಮ್ಮನಿಂದ ಕಾಗದ ಬಂದಿತ್ತು. ಜಗಲಿಯಲ್ಲಿ ಕೂತು ಓದಿ ಹೇಳುತ್ತಿದ್ದವರು ನೆಬೀಸ.

ನಾನು ಅಂಗಳದ ತುದಿಯಲ್ಲೇ ನಿಂತೆ. ಇರುವೆ ಸಾಲಿನಂಥ ಬರಹ, ಮುಳುಗುವ ಬೆಳಕು. ತಮ್ಮನಿಗೆ ಹಲ್ಲುನೋವು, ಮುದಲಾಳಿ ರಜೆ ಕೊಡುವುದಿಲ್ಲ, ಹಬ್ಬಕ್ಕೆ ಬರುವುದಿಲ್ಲ. ಹವ್ವಮ್ಮ ಕಣ್ಣೊರೆಸಿಕೊಂಡರು. ಮಧ್ಯಾಹ್ನ ತಾನೇ ಬಂದ ಕಾಗದ. ಬಾಯಿಪಾಠ ಎಂದು ನನ್ನನ್ನು ನಾನು ಮೋಸ ಮಾಡಿಕೊಳ್ಳುವ ದಾರಿಯೂ ಇರಲಿಲ್ಲ.

"ಇದು ಯಾವ ಭಾಷೆ?" ಎಂದು ಪೋಕರನನ್ನು ಕೇಳಿದೆ.

"ನಮ್ಮ ಮಾತೇ. ಬರೆಯುದು ಅರಬಿ ಅಕ್ಷರದಲ್ಲಿ. ನಮ್ಮ ಹೆಂಗಸರಿಗೆಲ್ಲ ಸಣ್ಣದಿರುವಾಗ ಮನೆಯಲ್ಲೇ ಕಲಿಸ್ತಾರೆ. ನಮಗೆ ಗಂಡಸರಿಗೆ ಲಾರಿ ಸ್ಟೇರಿಂಗು."

ನಿರಕ್ಷರಿಗಳು. ನಲವತ್ತೊಂದು ಫಾರಮಿನಲ್ಲಿ ನನ್ನದೇ ಕೈಬರಹ. ಕನ್ನಡ ಬರುತ್ತದಾ, ಇಂಗ್ಲಿಷ್ ಬರುತ್ತದಾ ಎಂದು ಕೇಳಿದೆ. ಮತ್ತೇನು ಬರುತ್ತದೆ ಎಂದು ಕೇಳಲು ಫಾರಮಿನಲ್ಲಿ ಜಾಗ ಇರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ.

ಅದು ಸಾಲದೆಂಬಂತೆ ಅವರ ಬೆರಳು ನೋಡಿದೆ. ಕಾಗದದ ಮೇಲೆ ಬೆರಳು ಬಲದಿಂದ ಎಡಕ್ಕೆ ಹೋಗುತ್ತಿತ್ತು.

ಖರ್ಜೂರ ಕೊಡಲು ಮರೆತು ವಾಪಸು ತಂದಿದ್ದೇನೆ.

ಫೆಬ್ರವರಿ ೧೨

ಪಟ ತೆಗೆದುಕೊಂಡು ಬೆಳಿಗ್ಗೆಯೇ ನೆಬೀಸರ ಮನೆಗೆ ಹೋದೆ. ಅವರೊಬ್ಬರೇ ಇದ್ದರು. ಪರದೆ ಬೇಡ ಎಂದರು. ತೆಂಗಿನ ಮರಕ್ಕೆ ಪಟ ಕಟ್ಟಿ ಇಪ್ಪತ್ತಡಿ ಅಳೆದೆ.

"ಎಲ್ಲಿಂದ ಶುರು ಮಾಡಿದ್ರಿ ಅವತ್ತು?"

"ಸಾಲು ಶುರು ಆಗುವಲ್ಲಿಂದ."

"ಅದು ಯಾವ ಕಡೆ?"

"ಬಲ. ಮತ್ತೆ ಎಡದಿಂದ ಯಾರಾದ್ರೂ ಶುರು ಮಾಡ್ತಾರಾ?"

ಕೊನೆಯ ಸಾಲಿನವರೆಗೆ ತೋರಿಸಿದರು. ನಾನು ಬಲದಿಂದ ಹಿಡಿದು ಗುರುತು ಹಾಕಿದೆ. ಒಂದೂ ತಪ್ಪಿಲ್ಲ. ಆರು ಬೈ ಆರು, ನನ್ನ ಕಣ್ಣಿಗಿಂತ ಎರಡು ಸಾಲು ಮುಂದೆ. ನಾಲ್ಕನೆಯ ಸಾಲಿನ ಐದು ಗುರುತು ಮೇಲೆ, ಬಲ, ಕೆಳಗೆ, ಬಲ, ಮೇಲೆ. ಯಾವ ತುದಿಯಿಂದ ಓದಿದರೂ ಅದೇ. ಇದೇ ನಮ್ಮ ಯಜ್ಞೇಶ್ವರ ವೈರುಧ್ಯ.

"ಹಾಗಾದ್ರೆ ನನ್ನ ಕಣ್ಣಿಗೆ ಎಂತದೂ ಇಲ್ಲ?"

"ಇಲ್ಲ. ತಪ್ಪು ನನ್ನದು."

"ನನ್ನ ಹೆಸರು ಸೇರಿಸ್ತೀರಲ್ಲ?"

"ಮೊದಲು ಪ್ರೊಫೆಸರರಿಗೆ ಬರೆಯಬೇಕು."

"ಅವರ ಕಣ್ಣು ನೋಡಿ ಅಂತ ನಾನು ಹೇಳ್ಲಿಲ್ಲ" ಎಂದರು ನೆಬೀಸ.

ಹೊಸ ಫಲಿತಾಂಶದ ಹಾಳೆಗೆ ದಿನಾಂಕ ಹಾಕಿ ಮಡಚಿ ಕಿಸೆಯಲ್ಲಿಟ್ಟೆ.

ಫೆಬ್ರವರಿ ೧೯

ಪ್ರೊಫೆಸರರ ಉತ್ತರ, ಮೂರೇ ಸಾಲು. ಪರದಾ ದೃಷ್ಟಿಯ ಲೇಖನ ಅಚ್ಚಿಗೆ ಹೋಗಿದೆ. ಮಾರ್ಚ್ ಮೂರಕ್ಕೆ ಪುತ್ತೂರಿನಲ್ಲಿ ಅವರಿಗೆ ಸನ್ಮಾನ ಇದೆ, ಅಲ್ಲಿ ಮಾತಾಡೋಣ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ.

ಹಾಕಲಿಲ್ಲ. ಎರಡು ವಾರದಲ್ಲಿ ಏನು ಮುಳುಗಿಹೋಗುತ್ತದೆ?

ಫೆಬ್ರವರಿ ೨೧

ಪೋಕರನ ಹೆಂಡತಿ ಝುಬೈದಾಗೆ ಬೆಳಿಗ್ಗೆ ನೋವು ಶುರುವಾಯಿತು. ಪರಮೇಶ್ವರಿ ಸಂಪಾಜೆಗೆ ಹೋಗಿದ್ದರು. ಅವರನ್ನು ಹುಡುಕಿಕೊಂಡು ಪೋಕರ್ ಲಾರಿಯಲ್ಲಿ ಕೇಂದ್ರಕ್ಕೆ ಬಂದ, ಸಿಕ್ಕಿದ್ದು ನಾನು. ನನ್ನನ್ನು ಮನೆಯ ಹತ್ತಿರ ಇಳಿಸಿ ಸಂಪಾಜೆಗೆ ಹೋದ. ಅಲ್ಲಿ ಅಂಗಳದಲ್ಲಿ ನಿಲ್ಲುವುದಲ್ಲದೆ ನನಗೆ ಬೇರೆ ಕೆಲಸ ಇರಲಿಲ್ಲ.

ನೆಬೀಸ ಬಾಗಿಲ ಮೆಟ್ಟಿಲಲ್ಲಿ ಕೂತಿದ್ದರು. ಮುಟ್ಟಿದರೆ ಪೊಲೀಸಿಗೆ ಕೊಡುತ್ತೇವೆ ಎಂದು ಹಿಂದಿನ ವಾರ ಮೇಲಿನವರೊಬ್ಬರು ಜೀಪಿನಲ್ಲಿ ಬಂದು ಹೇಳಿ ಹೋಗಿದ್ದರಂತೆ. ಅಲ್ಲಿಂದಲೇ ಒಳಗಿದ್ದ ಹವ್ವಮ್ಮನಿಗೆ ಹೇಳುತ್ತಿದ್ದರು: ಬೆನ್ನು ಹಿಡಿ, ಈಗ ಬೇಡ, ನೀರು ಕೊಡು. ಹವ್ವಮ್ಮ ಒಂದೊಂದನ್ನೂ ಎರಡೆರಡು ಸಲ ಕೇಳಿಕೊಳ್ಳುತ್ತಿದ್ದರು. ಎರಡು ಗಂಟೆ ಹೀಗೆ. ಮಗು ಬಂತು, ಗಂಡು, ಅತ್ತಿತು. ಆಮೇಲೆ ಹವ್ವಮ್ಮ ಒಳಗಿನಿಂದ, "ರಕ್ತ ನಿಲ್ಲುದಿಲ್ಲ ನೆಬೀಸಾ" ಎಂದರು.

ನೆಬೀಸ ನನ್ನನ್ನು ನೋಡಿದರು. ಎದ್ದು ಒಳಗೆ ಹೋದರು.

ಪರಮೇಶ್ವರಿ ಬಂದ ಮೇಲೆ ಇಬ್ಬರೂ ಸೇರಿ ಝುಬೈದಾರನ್ನು ಅದೇ ಲಾರಿಯಲ್ಲಿ ಪುತ್ತೂರಿನ ಆಸ್ಪತ್ರೆಗೆ ಒಯ್ದರು. ಜೀವ ಉಳಿದಿದೆ. ನೆಬೀಸ ಹತ್ತು ನಿಮಿಷ ತಡಮಾಡಿದ್ದರೆ ಉಳಿಯುತ್ತಿರಲಿಲ್ಲ ಎಂದು ಪರಮೇಶ್ವರಿ ಹೇಳಿದರು. ಎರಡು ಗಂಟೆ ಮೊದಲು ಒಳಗೆ ಹೋಗಿದ್ದರೆ ಆಸ್ಪತ್ರೆಯೇ ಬೇಕಿರಲಿಲ್ಲ ಎಂದೂ ಹೇಳಿದರು.

ಅಷ್ಟೂ ಹೊತ್ತು ಹಾಳೆ ಕಿಸೆಯಲ್ಲೇ ಇತ್ತು. ಬೆವರಿಗೆ ಸ್ವಲ್ಪ ಶಾಯಿ ಹರಡಿದೆ.

ಮಾರ್ಚ್ ೩. ಪುತ್ತೂರು

ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ. ತೋಟದ ದೊಡ್ಡವರೆಲ್ಲ ಮೊದಲ ಸಾಲಿನಲ್ಲಿ. ಪರದೆಯ ಹಿಂದೆ ಕತ್ತಲಲ್ಲಿರುವ ಸೋದರಿಯರ ಬಗ್ಗೆ ಪ್ರೊಫೆಸರರು ಮರುಗಿದರು, ಸಭೆ ಚಪ್ಪಾಳೆಯಿಂದ ಮರುಗಿತು. ಆ ಸೋದರಿಯರಲ್ಲಿ ಒಬ್ಬರೂ ಸಭೆಯಲ್ಲಿರಲಿಲ್ಲ. ನನ್ನ ಅಪ್ಪ ಇದ್ದರು, ಹೆಮ್ಮೆಯಿಂದ ಪಕ್ಕದವರಿಗೆ ನನ್ನನ್ನು ತೋರಿಸುತ್ತಿದ್ದರು.

ಸಂಜೆ ಪ್ರವಾಸಿ ಬಂಗಲೆಯಲ್ಲಿ ಶಾಯಿ ಹರಡಿದ ಹಾಳೆಯನ್ನು ಮೇಜಿನ ಮೇಲಿಟ್ಟೆ.

"ಬಲದಿಂದ ಓದಿ ನೋಡಿ, ಸಾರ್."

ನೋಡಿದರು. ಅರ್ಥವಾಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ, ಮನುಷ್ಯ ದಡ್ಡರಲ್ಲ. ಪೈಪನ್ನು ಬಾಯಿಂದ ತೆಗೆದರು.

"ಬಲದಿಂದ ಓದುವುದೂ ಒಂದು ದೋಷವೇ, ಕೃಷ್ಣಮೋಹನ. ಮುಂದಿನ ಲೇಖನಕ್ಕೆ ಒಳ್ಳೆಯ ವಿಷಯ."

"ಒಬ್ಬರು ಸಾಯ್ತಾ ಇದ್ರು, ಸಾರ್."

"ಸತ್ತರೇ?"

"ಇಲ್ಲ."

"ಹಾಗಿದ್ದರೆ ಅದು ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ." ಹಾಳೆಯನ್ನು ನನ್ನ ಕಡೆಗೆ ತಳ್ಳಿದರು. "ಇನ್ನೊಂದು ಸರ್ಟಿಫಿಕೇಟಿಗೆ ಸಹಿ ಹಾಕಿದರೆ ಈ ವಾರದ ಕೊನೆಗೆ ವಿಭಾಗದ ರಿಜಿಸ್ಟರಿನಲ್ಲಿ ನಿನ್ನ ಹೆಸರಿರುವುದಿಲ್ಲ. ಸಹಿ ಹಾಕದಿದ್ದರೆ ಜೂನಿನಲ್ಲಿ ನೀನು ಲೆಕ್ಚರರ್."

ಊಟಕ್ಕೆ ಕರೆದರು. ಹಾಳೆಯನ್ನು ಮಡಚಿ ಕಿಸೆಗೆ ಹಾಕಿ ಹೊರಟೆ.

ಮಾರ್ಚ್ ೫. ಸುಳ್ಯ

ಪರಮೇಶ್ವರಿ ಹೊಸ ಫಾರಂ ಮುಂದಿಟ್ಟರು. "ಅನರ್ಹ ಅಂತ ಬರೆದ ಕೈಯೇ ಅರ್ಹ ಅಂತ ಬರೆಯಬೇಕು. ಬೇರೆಯವರ ಸಹಿ ನಡೆಯುದಿಲ್ಲ." ಸಹಿ ಹಾಕಿದೆ. ಅದರ ಕೆಳಗೆ ಹುದ್ದೆ ಬರೆಯುವ ಜಾಗದಲ್ಲಿ 'ಸ್ನಾತಕೋತ್ತರ ಸಂಶೋಧನಾ ವಿದ್ಯಾರ್ಥಿ' ಎಂದು ಬರೆದೆ. ಶನಿವಾರದವರೆಗೆ ಅದು ಸುಳ್ಳಲ್ಲ.

ಲೇಖನ ಅಚ್ಚು ಮಾಡುವ ಪತ್ರಿಕೆಗೂ, ಪರೀಕ್ಷೆಯೇ ತಪ್ಪಾಗಿತ್ತು ಎಂದು ಒಂದು ಕಾಗದ ಹಾಕಿದೆ. ಅಪ್ಪನ ವಕೀಲಿ ಭಾಷೆ ಈ ಒಂದು ಸಲ ಉಪಯೋಗಕ್ಕೆ ಬಂತು.

ಮಾರ್ಚ್ ೯

ಬೆಳಿಗ್ಗೆ ರಿಜಿಸ್ಟರ್ಡ್ ಪೋಸ್ಟು: ನೋಂದಣಿ ರದ್ದು, ಕಾರಣ ಅಶಿಸ್ತು ಮತ್ತು ವೀಕ್ಷಣೆಯಲ್ಲಿ ದೋಷ. ಎರಡನೆಯದು ಸತ್ಯ, ಆದ್ದರಿಂದ ತಕರಾರು ಮಾಡಲಾರೆ.

ನೆಬೀಸರ ಮನೆಗೆ ನಡೆದು ಹೋದೆ. ಮೆಣಸು ಒಣಹಾಕುತ್ತಿದ್ದರು.

"ನಿಮ್ಮ ಹೆಸರು ಸೇರಿತು. ಸೋಮವಾರ ಒಂಬತ್ತಕ್ಕೆ ಕೇಂದ್ರಕ್ಕೆ ಬರಬೇಕು. ಪೆಟ್ಟಿಗೆಯೂ ಸಿಗ್ತದೆ."

"ಪರಮೇಶ್ವರಿಯಮ್ಮ ಹೇಳಿ ಕಳಿಸಿದ್ರು, ಡಾಕ್ಟ್ರೇ."

"ನಾನು ಡಾಕ್ಟರಲ್ಲ. ಇನ್ನು ಏನೂ ಅಲ್ಲ, ಯೂನಿವರ್ಸಿಟಿಯಿಂದ ತೆಗೆದರು."

ಅವರು ಮೆಣಸು ಹರಡುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ನಿಂತೆ. ಏನಾದರೂ ಹೇಳುತ್ತಾರೆಂದು ಕಾದಿದ್ದೆ, ಅದು ಅವರಿಗೂ ಗೊತ್ತಾಯಿತು.

"ಬರೆದದ್ದು ನೀವು, ಅಳಿಸಿದ್ದೂ ನೀವು. ಅದಕ್ಕೆ ನಾನೆಂತ ಹೇಳುದು?" ಎಂದರು. ಆಮೇಲೆ, "ಝುಬೈದನಿಗೆ ಹೇಳಿದ್ರಾ?"

"ಏನನ್ನು?"

"ಅವಳ ಹೆರಿಗೆಗೆ ಒಂಬತ್ತು ದಿವಸ ಮೊದಲೇ ನಿಮಗೆ ಗೊತ್ತಿತ್ತು ಅಂತ. ನಾನು ಯಾರಿಗೂ ಹೇಳ್ಲಿಲ್ಲ. ಹೇಳಬೇಕಾದವಳು ನಾನಲ್ಲ."

ಸಿಟ್ಟು ಬರಬೇಕಿತ್ತು. ಡಿಗ್ರಿ ಕಳೆದುಕೊಂಡವನು ನಾನು, ಪೆಟ್ಟಿಗೆ ಸಿಕ್ಕಿದ್ದು ಅವರಿಗೆ. ಬರಲಿಲ್ಲ, ಬಿಸಿಲಲ್ಲಿ ನಡೆದ ಸುಸ್ತಿಗೆ ಇರಬೇಕು.

ಪೋಕರನ ಮನೆಗೆ ಹೋದೆ. ಅವನು ಜಗಲಿಯಲ್ಲಿದ್ದ. ಒಳಗೆ ಝುಬೈದಾಗೂ ಕೇಳುವಂತೆ ಹೇಳಿದೆ, ದಿನಾಂಕ ಸಹಿತ. ಮಗು ಹಾಲು ಕುಡಿಯುವ ಸದ್ದು ನಿಂತಿತು. ಪೋಕರ್ ಎದ್ದ. ಹೊಡೆಯುತ್ತಾನೆ ಅಂದುಕೊಂಡೆ, ಆದರೆ ಅಂಗಳ ದಾಟಿ ಲಾರಿಯ ಹತ್ತಿರ ಹೋಗಿ ನನಗೆ ಬೆನ್ನು ಹಾಕಿ ನಿಂತ. ಕೊನೆಗೆ ಹವ್ವಮ್ಮ ಬಾಗಿಲಿಗೆ ಬಂದರು.

"ಕೇಳಿಸಿಕೊಂಡಳು" ಎಂದರು. "ಇನ್ನು ನೀವು ಹೋಗಿ."